ಹಿಂಗಾರಿಗೆ ಕಾಯುವ ಡೋಣಿ ಸಾಲು: ಮಳೆ ಮುನ್ಸೂಚನೆಯ ಚರಿತ್ರೆ



ಒಂದು ನಾಡಿನ ಚರಿತ್ರೆ ಎಂದ ಕೂಡಲೆ ರಾಜರು, ಕೋಟೆ, ಕಾಳಗ ಇವು ನಮ್ಮ ಕಣ್ಣ ಮುಂದೆ ಬರುತ್ತವೆ. ವಿಜಯಪುರ ಜಿಲ್ಲೆಯವರಾದ ನಮಗೆ ಆದಿಲ್‌ಶಾಹಿಯ ಗುಮ್ಮಟವೂ ಇದೆ, ಬಸವಣ್ಣನವರು ಹುಟ್ಟಿದ ಬಾಗೇವಾಡಿಯೂ ಇದೆ. ಆದರೆ ಡೋಣಿ ಸಾಲಿನ ಒಕ್ಕಲಿಗನ ಮನೆಯ ಚರಿತ್ರೆ ಬರೆಯಹೊರಟರೆ ಅಲ್ಲಿ ಸುಲ್ತಾನರಿಗಿಂತ ಉತ್ತರಿ, ಹಸ್ತಿ, ಚಿತ್ತಿ, ಸ್ವಾತಿ ಮಳೆಗಳ ಹೆಸರೇ ಹೆಚ್ಚು ಸಲ ಬರುತ್ತದೆ. ಮಗಳ ಮದುವೆ ಆದದ್ದು ಯಾವ ವರ್ಷ ಎಂದು ಕೇಳಿದರೆ "ಹಸ್ತಿ ಮಳಿ ಭರ್ಜರಿ ಆಗಿತ್ತಲ್ಲ, ಆ ವರ್ಸ" ಎನ್ನುತ್ತಾರೆ. ಹೊಲ ಒತ್ತಿ ಬಿದ್ದದ್ದು ಯಾವಾಗ ಎಂದರೆ "ಹಿಂಗಾರಿ ಕೈಕೊಟ್ಟ ವರ್ಸ" ಎನ್ನುತ್ತಾರೆ. ನಮ್ಮ ಸಂಘದ ಸಾಲದ ಖಾತೆ ಪುಸ್ತಕವೂ ಒಂದು ಬಗೆಯಲ್ಲಿ ಮಳೆಯ ಪುಸ್ತಕವೇ. ವಸೂಲಿ ಚೆನ್ನಾಗಿ ಆದ ವರ್ಷ, ವಸೂಲಿ ನಿಂತ ವರ್ಷ ಇವನ್ನು ನೋಡಿದರೆ ಆಕಾಶ ಹೇಗಿತ್ತು ಎಂದು ಹೇಳಬಹುದು.

ಆದ್ದರಿಂದ ಈ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ, ಹಿಂಗಾರಿ ಮಳೆ ಬರುವುದೋ ಇಲ್ಲವೋ ಎಂಬುದನ್ನು ತಿಳಿಯಲು ನಮ್ಮ ಹಿರಿಯರು, ಸರಕಾರ, ವಿಜ್ಞಾನಿಗಳು ಏನೇನು ಮಾಡಿದರು, ಅದರಿಂದ ನಮಗೆ ಸಿಕ್ಕಿದ್ದೇನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ.

ಡೋಣಿ ಎಂಬ ಹೊಳೆ

ಡೋಣಿ ಹೊಳೆ ಹುಟ್ಟುವುದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತದ ಕಡೆ. ಅಲ್ಲಿಂದ ವಿಜಯಪುರ ಜಿಲ್ಲೆಗೆ ಇಳಿದು, ತಾಳಿಕೋಟಿಯ ಮಗ್ಗುಲಿಗೆ ಹಾಯ್ದು ಕೃಷ್ಣೆಯನ್ನು ಸೇರುತ್ತದೆ. ನೀರು ಸವಳು. ಬೇಸಿಗೆಯಲ್ಲಿ ದನ ಕೂಡ ಮೂಸಿ ನೋಡಿ ಹಿಂದೆ ಸರಿಯುತ್ತವೆ. ಕುಡಿಯಲು ಬಾರದ, ಬೆಳೆಗೆ ಹಾಯಿಸಲು ಬಾರದ ಈ ಹೊಳೆಗೆ ಇಷ್ಟು ಹೆಸರು ಏಕೆ ಬಂತು ಎಂದರೆ ಅದರ ಎರಡೂ ದಂಡೆಯ ಆಳವಾದ ಕರಿ ಎರೆ ಮಣ್ಣಿನಿಂದ. "ಡೋಣಿ ಹರಿದರ ಓಣೆಲ್ಲ ಕಾಳು" ಎಂಬ ಮಾತು ಈ ಭಾಗದ ಮಕ್ಕಳಿಗೂ ಗೊತ್ತು. ಬಿಳಿಜೋಳ, ಕಡಲೆ, ಗೋದಿ, ಕುಸುಬಿ ಈ ಸಾಲಿನ ಬೆಳೆಗಳು. ಹಿಂಗಾರಿ ಜೋಳದ ರೊಟ್ಟಿ ತಿಂದವರಿಗೆ ಬೇರೆ ಜೋಳ ಗಂಟಲಲ್ಲಿ ಇಳಿಯುವುದಿಲ್ಲ.

ನಮ್ಮ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 600 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ 24 ಇಂಚಿನ ಆಜುಬಾಜು. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಗೆ ಡಿಕ್ಕಿ ಹೊಡೆದು ಅಲ್ಲಿಯೇ ಬರಿದಾಗುತ್ತವೆ. ಮಹಾಬಳೇಶ್ವರದಲ್ಲಿ ಐದಾರು ಸಾವಿರ ಮಿಲಿಮೀಟರ್ ಸುರಿದರೆ, ನಮ್ಮ ತಲೆಯ ಮೇಲೆ ಬರೀ ಗಾಳಿ ಬೀಸಿ ಹೋಗುತ್ತದೆ. ಇದನ್ನೇ ಮಳೆಯ ನೆರಳು ಎನ್ನುತ್ತಾರೆ. ಸೆಪ್ಟೆಂಬರ್ ಬಂದಾಗ ಪಡುವಣ ಗಾಳಿಯ ಜೋರು ತಗ್ಗುತ್ತದೆ, ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಹುಟ್ಟಿ ಮೂಡಣ ದಿಕ್ಕಿನಿಂದ ನಮ್ಮ ಕಡೆ ತಿರುಗುತ್ತವೆ, ಸಂಜೆ ಹೊತ್ತು ಗುಡುಗು ಮಿಂಚಿನ ಮಳೆ ಕಟ್ಟುತ್ತದೆ. ಹೀಗಾಗಿ ನಮ್ಮಲ್ಲಿ ಅತಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್. ಅದರ ಬೆನ್ನಿಗೆ ಅಕ್ಟೋಬರ್. ಈ ಎರಡು ತಿಂಗಳು ಹದವಾಗಿ ಸುರಿದರೆ ಎರೆ ಮಣ್ಣು ನೀರು ಕುಡಿದು ಇಟ್ಟುಕೊಳ್ಳುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರೆ ಮಣ್ಣು ಬೆಳೆಗೆ ಸಿಗುವಂಥ ನೀರನ್ನು ಸುಮಾರು 150ರಿಂದ 200 ಮಿಲಿಮೀಟರ್ ವರೆಗೆ ಹಿಡಿದಿಡಬಲ್ಲದು. ಮುಂದೆ ಒಂದು ಹನಿ ಬೀಳದಿದ್ದರೂ ಆ ತೇವದ ಮೇಲೆ, ಚಳಿಯ ಇಬ್ಬನಿಯ ಕಾಲದಲ್ಲಿ, ಜೋಳ ತೆನೆ ಹಾಯುತ್ತದೆ. ಇದು ಡೋಣಿ ಸಾಲಿನ ಗುಟ್ಟು. ಗುಟ್ಟು ಎಷ್ಟು ಸರಳವೋ ಅಷ್ಟೇ ಅಪಾಯದ್ದು. ಆ ಆರು ವಾರ ತಪ್ಪಿದರೆ ವರ್ಷವೇ ತಪ್ಪಿತು.

ನಕ್ಷತ್ರದ ಲೆಕ್ಕ

ಮುನ್ಸೂಚನೆಯ ಮೊದಲ ಪುಸ್ತಕ ನಮಗೆ ಪಂಚಾಂಗ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13 ಅಥವಾ 14 ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಈಗಿನ ಕಾಲದಲ್ಲಿ ಹುಬ್ಬಿ ಆಗಸ್ಟ್ 30ರ ಹೊತ್ತಿಗೆ, ಉತ್ತರಿ ಸೆಪ್ಟೆಂಬರ್ 13ಕ್ಕೆ, ಹಸ್ತಿ 27ಕ್ಕೆ, ಚಿತ್ತಿ ಅಕ್ಟೋಬರ್ 10ಕ್ಕೆ, ಸ್ವಾತಿ 24ಕ್ಕೆ, ವಿಶಾಖಿ ನವೆಂಬರ್ 6ಕ್ಕೆ ಹೂಡುತ್ತವೆ. ಒಂದು ದಿನ ಆಚೆ ಈಚೆ ಆಗಬಹುದು. ಉತ್ತರಿಯಲ್ಲಿ ಹದ ಸಿಕ್ಕರೆ ಕೂರಿಗೆ ಹೂಡಿ, ಹಸ್ತಿಯಲ್ಲಿ ಬಿತ್ತಿಗೆ ಮುಗಿಸಿ, ಚಿತ್ತಿ ಸ್ವಾತಿಯಲ್ಲಿ ಒಂದೆರಡು ಮಳೆ ಕೇಳುವುದು ನಮ್ಮ ಹಿರಿಯರ ಪದ್ಧತಿ. ಯುಗಾದಿಯ ದಿನ ಗುಡಿಯಲ್ಲಿ ಪಂಚಾಂಗ ಓದಿಸಿ ಈ ವರ್ಷ ಮಳೆ ಎಷ್ಟು ಎಂದು ಕೇಳುವುದು, ಮೈಲಾರದ ಕಾರಣಿಕದ ಮಾತಿಗೆ ಕಿವಿಗೊಡುವುದು ಇಂದಿಗೂ ನಡೆದಿದೆ. ಮಳೆ ತಡವಾದರೆ ಹುಡುಗರು ಗುರ್ಜಿ ಹೊತ್ತು ಮನೆ ಮನೆಗೆ ಬರುತ್ತಿದ್ದರು, ತಾಯಂದಿರು ಅದರ ಮೇಲೆ ನೀರು ಸುರಿಯುತ್ತಿದ್ದರು. ಈ ಆಚರಣೆಗಳಿಂದ ಮಳೆ ಬರುತ್ತದೆ ಎಂದು ಇಲ್ಲಿ ಹೇಳುತ್ತಿಲ್ಲ. ಕಾಯುವ ಕಷ್ಟವನ್ನು ಊರು ಒಂದಾಗಿ ಹೊರುವ ದಾರಿ ಅದು ಎಂಬುದಂತೂ ಖರೆ.

ಆದರೆ ನಕ್ಷತ್ರದ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ಸೂರ್ಯ ಒಂದು ನಕ್ಷತ್ರದಿಂದ ಹೊರಟು ಅದೇ ನಕ್ಷತ್ರಕ್ಕೆ ಬರಲು ಹಿಡಿಯುವ ವರ್ಷ, ಋತುಗಳು ಒಂದು ಸುತ್ತು ತಿರುಗುವ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. ಹನಿ ಹನಿ ಕೂಡಿ ಹಳ್ಳ ಎನ್ನುವಂತೆ ಈ 20 ನಿಮಿಷ ಕೂಡುತ್ತಾ ಸುಮಾರು 72 ವರ್ಷಕ್ಕೆ ಒಂದು ದಿನ, ಸಾವಿರ ವರ್ಷಕ್ಕೆ ಸುಮಾರು 14 ದಿನ ಆಗುತ್ತದೆ. 14 ದಿನ ಎಂದರೆ ಒಂದು ಪೂರ್ತಿ ಮಳೆ ನಕ್ಷತ್ರ! ಸುಮಾರು 1700 ವರ್ಷಗಳ ಹಿಂದೆ ಸೂರ್ಯ ಬಡಗಣಕ್ಕೆ ತಿರುಗುವ ದಿನವೇ ಮಕರ ಸಂಕ್ರಾಂತಿ ಬರುತ್ತಿತ್ತು. ಈಗ ಸೂರ್ಯ ತಿರುಗುವುದು ಡಿಸೆಂಬರ್ 21-22ಕ್ಕೆ, ಸಂಕ್ರಾಂತಿ ಬರುವುದು ಜನವರಿ 14-15ಕ್ಕೆ. ಹೀಗಾಗಿ ಅಜ್ಜ ಮುತ್ತಜ್ಜರ ಹಿಂದಿನ ಅಜ್ಜಂದಿರು ಕಟ್ಟಿದ ಮಳೆಯ ಗಾದೆ ಅವರ ಕಾಲಕ್ಕೆ ಸರಿಯಾಗಿಯೇ ಇದ್ದಿರಬೇಕು. ಐನೂರು ವರ್ಷ ಹಳೆಯ ಗಾದೆಯಾದರೆ ಅದು ಇಂದು ಒಂದು ವಾರ ಜರುಗಿದೆ ಎಂದು ತಿಳಿದು ಬಳಸಬೇಕು. "ಹಸ್ತಿ ಬಂದರೂ ಮಳಿ ಇಲ್ಲ, ಕಾಲ ಕೆಟ್ಟೈತಿ" ಎನ್ನುವ ಮೊದಲು ಈ ಲೆಕ್ಕವನ್ನೂ ನೆನೆಯಬೇಕು.

ಒಂದೇ ಬರದ ಎರಡು ಕೂಸು

ನಮ್ಮ ಭಾಗದ ಬರಗಳ ಪಟ್ಟಿ ಉದ್ದ ಇದೆ. 1791-92ರ ಬರಕ್ಕೆ ಡೋಗಿ ಬರ ಎಂದು ಹೆಸರು. ಹೂಳುವವರಿಲ್ಲದೆ ನೆಲದ ಮೇಲೆ ತಲೆಬುರುಡೆಗಳು ಬಿದ್ದಿದ್ದವೆಂದು ಆ ಹೆಸರು ಬಂತು. ಆದರೆ ಲೆಕ್ಕ ಸಮೇತ ಸಿಗುವ ದೊಡ್ಡ ಬರ 1876-78ರದು. ಆಗ ನಮ್ಮದು ಕಲಾದಗಿ ಜಿಲ್ಲೆ, ಮುಂಬಯಿ ಇಲಾಖೆಗೆ ಸೇರಿದ್ದು. 1876ರಲ್ಲಿ ಮುಂಗಾರು ಅರೆಬರೆ ಆಯಿತು. ಜನ ಹಿಂಗಾರಿಗೆ ಕಾದರು. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು, ಹಿಂಗಾರಿಯೂ ಬರಲಿಲ್ಲ. ಎರೆ ಹೊಲ ಬಿತ್ತದೆ ಬಿದ್ದವು. ಮೊದಲು ದನ ಸತ್ತವು, ಆಮೇಲೆ ಮಂದಿ ಗುಳೆ ಎದ್ದರು, ಆಮೇಲೆ ಮಂದಿಯೂ ಸತ್ತರು. 1872ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 8 ಲಕ್ಷ 16 ಸಾವಿರ. 1881ರಲ್ಲಿ 6 ಲಕ್ಷ 38 ಸಾವಿರ. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಕಡಿಮೆಯಾದರು! ಮಳೆ ಮರಳಿ ಬಂದ ಮೇಲೆ 1878-79ರಲ್ಲಿ ಇಲಿಗಳ ಹಾವಳಿ ಬಂದು ಬೆಳೆದ ಬೆಳೆಯನ್ನೂ ತಿಂದವು.

ಈ ಬರದಿಂದ ಸರಕಾರ ಕೆಲವು ಪಾಠ ಕಲಿಯಿತು. ಕಾಳು ಸಾಗಿಸಲು ಹೋಟಗಿ-ಗದಗ ರೈಲು ಹಾದಿ ಹಾಕಿದರು. 1884ರಲ್ಲಿ ವಿಜಾಪುರಕ್ಕೆ ರೈಲು ಬಂತು. ಇಂದು ನಾವು ಸೊಲ್ಲಾಪುರಕ್ಕೆ ಹೋಗುವ ಆ ಗಾಡಿ ಮೂಲದಲ್ಲಿ ಬರಗಾಲದ ಗಾಡಿ. 1883 ಮತ್ತು 1884ರ ಕಾಯಿದೆಗಳಿಂದ ಬಾವಿ, ಒಡ್ಡು, ಬೀಜ, ಎತ್ತುಗಳಿಗೆ ತಗಾವಿ ಸಾಲ ಕೊಡುವುದು ಕ್ರಮಕ್ಕೆ ಬಂತು.

ಇನ್ನೆರಡು ಫಲಗಳು ನಮ್ಮ ವಿಷಯಕ್ಕೆ ಹತ್ತಿರದವು. ಮೊದಲನೆಯದು ಮುನ್ಸೂಚನೆ. ಭಾರತದ ಹವಾಮಾನ ಇಲಾಖೆ 1875ರಲ್ಲಿ ಸ್ಥಾಪನೆಯಾಗಿತ್ತು. ಅದರ ಮೊದಲ ಮುಖ್ಯಸ್ಥ ಬ್ಲ್ಯಾನ್‌ಫರ್ಡ್ ಸಾಹೇಬರನ್ನು ಬರದ ನಂತರ ಸರಕಾರ ಕೇಳಿದ್ದು, ಮುಂದಿನ ಮಳೆಗಾಲ ಹೇಗೆ ಇರುತ್ತದೆಂದು ಮೊದಲೇ ಹೇಳಲು ಬರುತ್ತದೆಯೆ ಎಂದು. ಹಿಮಾಲಯದಲ್ಲಿ ಚಳಿಗಾಲದ ಹಿಮ ಹೆಚ್ಚಾದರೆ ಮುಂದಿನ ಮುಂಗಾರು ಕಡಿಮೆ ಎಂಬುದನ್ನು ಅವರು ಗುರುತಿಸಿದರು. 1882ರಿಂದ ಪ್ರಯೋಗ ನಡೆಸಿ 1886ರಲ್ಲಿ ಮೊದಲ ಕ್ರಮಬದ್ಧ ಮುಂಗಾರು ಮುನ್ಸೂಚನೆ ಹೊರಡಿಸಿದರು. 1904ರಿಂದ 1924ರ ವರೆಗೆ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಮೂಲತಃ ಗಣಿತದ ಪಂಡಿತರು. ಅವರು ಜಗತ್ತಿನ ಬೇರೆ ಬೇರೆ ಕಡೆಯ ವಾಯುಭಾರ, ಉಷ್ಣತೆಯ ಅಂಕಿ ಕೂಡಿಸಿ ಕಳೆದು, ಶಾಂತ ಸಾಗರದ ಮೇಲಿನ ವಾಯುಭಾರಕ್ಕೂ ನಮ್ಮ ಮಳೆಗೂ ನಂಟು ಇದೆ ಎಂದು ತೋರಿಸಿದರು. ಇಂದು ಪತ್ರಿಕೆಯಲ್ಲಿ ಓದುವ ಎಲ್ ನಿನೊ ಎಂಬ ಮಾತಿನ ಬೇರು ಅಲ್ಲಿದೆ. 1876-78ರ ಬರದ ಹಿಂದೆಯೂ ಅಂಥ ಜೋರಾದ ಎಲ್ ನಿನೊ ಇತ್ತೆಂದು ಈಗ ತಿಳಿದುಬಂದಿದೆ.

ಎರಡನೆಯ ಫಲ ಸಹಕಾರ. ಬರ ಬಂದಾಗ ಒಕ್ಕಲಿಗ ಸಾವುಕಾರನ ಮನೆಗೆ ಹೋಗುತ್ತಿದ್ದ, ಮಳೆ ಬಂದರೂ ಆ ಮನೆಯ ಹೊಸ್ತಿಲಿನಿಂದ ಹೊರಗೆ ಬರುತ್ತಿರಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆ ಎದ್ದು ಸಾಲಪತ್ರಗಳನ್ನು ಸುಟ್ಟರು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯಿದೆ ಬಂತು. ಕಾಯಿದೆ ಒಂದರಿಂದಲೇ ಸಾಲದ ಉರುಲು ಬಿಚ್ಚದು, ರೈತರೇ ಒಬ್ಬರಿಗೊಬ್ಬರು ಜಾಮೀನಾಗಿ ಬಂಡವಾಳ ಕಟ್ಟಬೇಕು ಎಂಬ ವಿಚಾರ ಬಲಿತು 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಆಯಿತು. ಮಾರನೆಯ ವರ್ಷ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮಂಥ ಎರೆ ಹೊಲದ, ನಮ್ಮಂಥ ಮಳೆಯ ನಾಡಿನಲ್ಲಿಯೇ ಸಹಕಾರದ ಮೊದಲ ಬೀಜ ಬಿದ್ದದ್ದು ಅಕಸ್ಮಾತ್ ಅಲ್ಲ. ಮಳೆಯನ್ನು ನಂಬಿದವನಿಗೇ ನೆರೆಮನೆಯವನ ಆಸರೆ ಹೆಚ್ಚು ಬೇಕು. ಹೀಗೆ ನೋಡಿದರೆ ಹವಾಮಾನದ ಮುನ್ಸೂಚನೆ ಮತ್ತು ನಮ್ಮ ಪತ್ತಿನ ಸಂಘ ಎರಡೂ ಹಸಿವಿನ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಒಬ್ಬ ಮಳೆ ಯಾವಾಗ ಎಂದು ಹೇಳುವವ, ಇನ್ನೊಬ್ಬ ಮಳೆ ತಪ್ಪಿದರೆ ಕೈ ಹಿಡಿಯುವವ. ಈ ಅಣ್ಣತಮ್ಮಂದಿರು ಕೂಡಿ ಕೆಲಸ ಮಾಡಿದ್ದು ಮಾತ್ರ ಕಡಿಮೆ.

ಬರದ ಜೊತೆ ಬೇಸಾಯ

ಮಳೆಯನ್ನು ತರಲು ಆಗದಿದ್ದರೆ ಬಿದ್ದ ಮಳೆಯನ್ನಾದರೂ ಹಿಡಿಯಬೇಕು ಎಂದು 1930ರ ದಶಕದಲ್ಲಿ ಸೊಲ್ಲಾಪುರ, ವಿಜಾಪುರ, ಬಳ್ಳಾರಿ ಹತ್ತಿರದ ಹಗರಿ, ರಾಯಚೂರು, ಮತ್ತು ಉತ್ತರದ ರೋಹಟಕ್‌ನಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರಗಳನ್ನು ತೆರೆದರು. ಐದರಲ್ಲಿ ನಾಲ್ಕು ನಮ್ಮ ಸುತ್ತಲಿನವೇ ಎಂಬುದನ್ನು ಗಮನಿಸಬೇಕು. ಕಾನಿಟಕರ್ ಮೊದಲಾದ ವಿಜ್ಞಾನಿಗಳ ದುಡಿಮೆಯಿಂದ ಮುಂಬಯಿ ಒಣ ಬೇಸಾಯ ಪದ್ಧತಿ ರೂಪುಗೊಂಡಿತು. ಹೊಲಕ್ಕೆ ಒಡ್ಡು ಹಾಕುವುದು, ಕೆಲವು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆಯುವುದು, ತಿಪ್ಪೆ ಗೊಬ್ಬರ, ಬೀಜ ಕಡಿಮೆ, ಸಾಲು ಅಗಲ, ಮೇಲಿಂದ ಮೇಲೆ ಎಡೆ ಹೊಡೆದು ಬಿರುಕು ಮುಚ್ಚುವುದು, ಇಷ್ಟೇ ಅದರ ಸಾರ. ಅದೇ ಕಾಲದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಡ ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ-35-1 ತಳಿ ಬಂತು. ಎಷ್ಟೋ ತಳಿ ಬಂದು ಹೋದರೂ ರೊಟ್ಟಿಗೂ ಕಣಿಕೆಗೂ ಇದಕ್ಕೆ ಸಾಟಿ ಇಲ್ಲವೆಂದು ಇಂದಿಗೂ ಬಿತ್ತುತ್ತೇವೆ.

ಮುನ್ಸೂಚನೆಯೂ ಒಕ್ಕಲಿಗನ ಕಡೆಗೆ ಒಂದೊಂದೇ ಹೆಜ್ಜೆ ಬಂತು. 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನದ ಪ್ರತ್ಯೇಕ ವಿಭಾಗ ಆಯಿತು. 1945ರಿಂದ ಆಕಾಶವಾಣಿಯಲ್ಲಿ ರೈತರಿಗಾಗಿ ಹವಾಮಾನ ವರದಿ ಶುರುವಾಯಿತು. 1950ರಲ್ಲಿ ಧಾರವಾಡದ ಆಕಾಶವಾಣಿ ಕೇಂದ್ರ ಹುಟ್ಟಿದ ಮೇಲೆ ಕನ್ನಡದ ಮಾತು ನಮ್ಮ ಕಟ್ಟೆಗೆ ಬಂತು. ಪಂಚಾಯತಿ ರೇಡಿಯೊ ಮುಂದೆ ಕೂತು "ಮೋಡ ಕವಿದ ವಾತಾವರಣ ಇದ್ದು ಅಲ್ಲಲ್ಲಿ ಮಳೆಯಾಗುವ ಸಂಭವ" ಎಂಬ ಮಾತು ಕೇಳಿ "ಆ ಅಲ್ಲಲ್ಲಿ ಅಂದ್ರ ಎಲ್ಲಿ? ನಮ್ಮೂರಾಗೋ ಬಾಜೂ ಊರಾಗೋ?" ಎಂದು ನಗುವುದು ಒಂದು ಪದ್ಧತಿಯೇ ಆಗಿತ್ತು. ನಗೆಯಲ್ಲಿ ಸತ್ಯ ಇತ್ತು. ಜಿಲ್ಲೆಗೆ ಹೇಳಿದ ಮಳೆ ಹೊಲಕ್ಕೆ ಹೇಳಿದ ಮಳೆ ಆಗಲಾರದು.

1972ರ ಬರದಲ್ಲಿ ಕೆರೆ, ರಸ್ತೆ ಕಾಮಗಾರಿಯ ಕೂಲಿಯ ಮೇಲೆ ಊರಿಗೆ ಊರು ಬದುಕಿದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ. 1988ರಲ್ಲಿ ನಮ್ಮ ರಾಜ್ಯ ಬರ ಪರಿಶೀಲನೆಗೆಂದೇ ಒಂದು ಕೋಶ ತೆರೆಯಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮ ಪಂಚಾಯತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ.

ಯಾರ ಹಿಂಗಾರು?

ಈಗ ಮುಖ್ಯ ಮಾತಿಗೆ ಬರೋಣ. ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ಅಥವಾ ಅಕ್ಟೋಬರ್ ಮೊದಲಿಗೆ ಹವಾಮಾನ ಇಲಾಖೆ ಅಕ್ಟೋಬರ್‌ನಿಂದ ಡಿಸೆಂಬರ್ ವರೆಗಿನ ಹಿಂಗಾರಿನ ಅಂದಾಜು ಹೇಳುತ್ತದೆ. ಪತ್ರಿಕೆಯಲ್ಲಿ "ಹಿಂಗಾರು ಉತ್ತಮ" ಎಂದು ದಪ್ಪ ಅಕ್ಷರದಲ್ಲಿ ಬಂದ ಕೂಡಲೆ ನಮ್ಮವರು ಬೀಜದ ಚೀಲ ಬಿಚ್ಚುತ್ತಾರೆ. ಆದರೆ ಆ ಅಂದಾಜು ಮುಖ್ಯವಾಗಿ ಯಾರಿಗೆ? ತಮಿಳುನಾಡು, ಕೇರಳ, ಆಂಧ್ರದ ಕರಾವಳಿ, ರಾಯಲಸೀಮೆ ಮತ್ತು ದಕ್ಷಿಣ ಒಳನಾಡು ಕರ್ನಾಟಕ ಎಂಬ ಐದು ವಿಭಾಗಗಳಿಗೆ. ನಾವು ಉತ್ತರ ಒಳನಾಡಿನವರು ಈ ಐದರಲ್ಲಿ ಇಲ್ಲ! ಇನ್ನು ಸರಕಾರಿ ಲೆಕ್ಕದಲ್ಲಿ ಸೆಪ್ಟೆಂಬರ್ 30ರ ವರೆಗೆ ಬಿದ್ದದ್ದು ಮುಂಗಾರು. ನಮಗೋ ಉತ್ತರಿ ಹೂಡಿದ ದಿನದಿಂದ ಹಿಂಗಾರಿ. ನಮ್ಮ ಬಿತ್ತಿಗೆಯ ಮುಖ್ಯ ಮಳೆ ಅವರ ಪುಸ್ತಕದಲ್ಲಿ ಮುಂಗಾರಿನ ಬಾಲವಾಗಿ ಬೀಳುತ್ತದೆ. ಹೆಸರು ಒಂದೇ, ಮಳೆ ಬೇರೆ. ಇದು ಯಾರ ತಪ್ಪೂ ಅಲ್ಲ. ಆದರೆ ತಿಳಿಯದೆ ನಂಬಿದರೆ ಬಿತ್ತಿದ ಬೀಜ ಹೋಗುವುದು ನಮ್ಮದೇ.

ಎಲ್ ನಿನೊ ವಿಷಯದಲ್ಲಿಯೂ ಹೀಗೆಯೇ. ಎಲ್ ನಿನೊ ವರ್ಷ ಮುಂಗಾರು ಕಡಿಮೆಯಾಗುವ ಸಂಭವ ಹೆಚ್ಚು, ಆದರೆ ತೆಂಕಣ ಭಾರತದಲ್ಲಿ ಹಿಂಗಾರು ಹೆಚ್ಚಾಗುವ ಒಲವು ಇರುತ್ತದೆ ಎಂದು ತಜ್ಞರು ಹೇಳುತ್ತಾರೆ. ಅದು ಒಲವು, ವಚನ ಅಲ್ಲ. 2009ರಲ್ಲಿ ದೇಶಕ್ಕೆಲ್ಲ ಮುಂಗಾರು ಕೈಕೊಟ್ಟು ಬರ ಎಂದಾಯಿತು. ಅದೇ ವರ್ಷ ಹಸ್ತಿ ಮಳೆಯಲ್ಲಿ, ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ಎರಡು ದಿನ, ವಿಜಾಪುರ, ಬಾಗಲಕೋಟಿ, ಗದಗ, ಕೊಪ್ಪಳ, ರಾಯಚೂರ ಜಿಲ್ಲೆಗಳಲ್ಲಿ ಹಿಂದೆಂದೂ ಕಾಣದ ಮಳೆ ಸುರಿದು ಮಣ್ಣಿನ ಮನೆಗಳು ಮಲಗಿದವು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. 2020ರ ಚಿತ್ತಿ ಮಳೆಯಲ್ಲಿ, ಬಂಗಾಳ ಕೊಲ್ಲಿಯಿಂದ ಕಾಕಿನಾಡದ ಹತ್ತಿರ ನೆಲಕ್ಕೆ ಬಂದ ವಾಯುಭಾರ ಕುಸಿತ ನಮ್ಮ ನೆರೆಯ ಭೀಮೆಯನ್ನು ಉಕ್ಕಿಸಿತು. ಇದಕ್ಕೆ ವಿರುದ್ಧವಾಗಿ 2018ರಲ್ಲಿ ಹಿಂಗಾರು ಮಳೆ ಪೂರಾ ಕೈಕೊಟ್ಟಿತು, ರಾಜ್ಯದ 156 ತಾಲೂಕುಗಳನ್ನು ಹಿಂಗಾರಿ ಬರಪೀಡಿತ ಎಂದು ಸಾರಬೇಕಾಯಿತು. 2023ರ ಎಲ್ ನಿನೊ ವರ್ಷದಲ್ಲಿ ಮುಂಗಾರೂ ಹೋಯಿತು, ಹಿಂಗಾರೂ ಕಡಿಮೆ ಬಿತ್ತು. ಆ ವರ್ಷ 236 ತಾಲೂಕುಗಳಲ್ಲಿ 223 ಬರದ ಪಟ್ಟಿಯಲ್ಲಿದ್ದವು. 1876ರಲ್ಲಿ ಆದದ್ದೂ ಇದೇ. ಎರಡೂ ಮಳೆ ಒಂದೇ ವರ್ಷ ತಪ್ಪುವುದೇ ನಮ್ಮ ಸಾಲಿನ ದೊಡ್ಡ ಗಂಡಾಂತರ.

1876ಕ್ಕೂ 2023ಕ್ಕೂ ಅಂತರ ಏನು? ಮಳೆ ಹಾಗೆಯೇ ತಪ್ಪಿತು, ಆದರೆ ಜನ ಹಸಿದು ಸಾಯಲಿಲ್ಲ. ಪಡಿತರ, ರೈಲು, ರಸ್ತೆ, ಉದ್ಯೋಗ ಖಾತ್ರಿ, ಬ್ಯಾಂಕು, ಸಂಘ ಇವು ನಡುವೆ ನಿಂತವು. ಈ ನಡುವಿನ ಗೋಡೆಯ ಒಂದು ಕಲ್ಲು ನಮ್ಮ ಸಂಘ. ಹಾಗೆಂದು ಒಕ್ಕಲಿಗನ ಸಂಕಟ ಮುಗಿಯಲಿಲ್ಲ. ಆಗ ಹಸಿವು ಕೊಲ್ಲುತ್ತಿತ್ತು, ಈಗ ಸಾಲ ಕೊಲ್ಲುತ್ತಿದೆ.

ಸಂಘಕ್ಕೆ ಮಾಡಲು ಬರುವ ಕೆಲಸ

ಚರಿತ್ರೆ ಓದಿ ಮಡಚಿ ಇಟ್ಟರೆ ಏನು ಬಂತು? ಇಷ್ಟನ್ನು ಓದಿದ ಮೇಲೆ ಮುಂದಿನ 25 ವರ್ಷಕ್ಕೆ ಕೆಲವು ಮಾತು ಸದಸ್ಯರ ಮುಂದೆ ಇಡಬೇಕೆನಿಸುತ್ತದೆ.

ಮೊದಲನೆಯದಾಗಿ, ಸಂಘದ ಅಂಗಳದಲ್ಲಿ ಒಂದು ಸಾದಾ ಮಳೆಮಾಪಕ ಇರಲಿ. ದಿನಾ ಮುಂಜಾನೆ ಎಂಟೂವರೆಗೆ ಅಳೆದು ಒಂದು ವಹಿಯಲ್ಲಿ ಬರೆದಿಡುವುದು. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಎಕರೆಗೆ ಸುಮಾರು ನಾಲ್ಕು ಸಾವಿರ ಲೀಟರ್ ನೀರು. 25 ಮಿಲಿಮೀಟರ್ ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರ್! ಈ ಲೆಕ್ಕ ಗೊತ್ತಾದವನು ಒಡ್ಡು ಒಡೆದು ನೀರು ಹರಿದು ಹೋಗುವುದನ್ನು ಸುಮ್ಮನೆ ನೋಡಲಾರ. ಹತ್ತು ವರ್ಷದ ವಹಿ ಕೂಡಿದರೆ ನಮ್ಮ ಊರಿನ ಉತ್ತರಿ ಎಷ್ಟು, ಹಸ್ತಿ ಎಷ್ಟು ಎಂಬುದು ಗಾದೆಯಿಂದಲ್ಲ, ನಮ್ಮದೇ ಅಂಕಿಯಿಂದ ಗೊತ್ತಾಗುತ್ತದೆ.

ಎರಡನೆಯದಾಗಿ, ಮುನ್ಸೂಚನೆಯನ್ನು ಸರಿಯಾಗಿ ಓದಬೇಕು. ಮೂರು ತಿಂಗಳ ಅಂದಾಜು ದೂರದ ಗುಡ್ಡ ನೋಡಿದಂತೆ, ಬಣ್ಣ ಕಂಡೀತು, ಹಾದಿ ಕಾಣದು. ಗುರುವಾರಕ್ಕೊಮ್ಮೆ ಬರುವ ನಾಲ್ಕು ವಾರದ ಅಂದಾಜು ಬಿತ್ತಿಗೆಯ ತಯಾರಿಗೆ ಉಪಯೋಗ. ಮಂಗಳವಾರ, ಶುಕ್ರವಾರದ ಕೃಷಿ ಹವಾಮಾನ ಸಲಹೆ ಕೂರಿಗೆ ಹೂಡುವ ದಿನ ಗೊತ್ತು ಮಾಡಲು, ಎಣ್ಣೆ ಹೊಡೆಯಲು, ರಾಶಿ ಮಾಡಲು ಉಪಯೋಗ. 2024ರಿಂದ ಗ್ರಾಮ ಪಂಚಾಯತಿ ಮಟ್ಟದ ಮುನ್ಸೂಚನೆಯೂ ಶುರುವಾಗಿದೆ. "ಅಲ್ಲಲ್ಲಿ ಅಂದ್ರ ಎಲ್ಲಿ" ಎಂದು ನಕ್ಕ ಹಿರಿಯರಿಗೆ ಇಷ್ಟು ವರ್ಷಕ್ಕೆ ಅರ್ಧ ಉತ್ತರ ಸಿಕ್ಕಂತಾಯಿತು. ಇದನ್ನು ಬರೆದು ಸಂಘದ ಕರಿಹಲಗೆಗೆ ಹಾಕುವುದು ಖರ್ಚಿಲ್ಲದ ಕೆಲಸ.

ಮೂರನೆಯದಾಗಿ, ಆಕಾಶ ನೋಡಿದಷ್ಟೇ ನೆಲವನ್ನೂ ನೋಡಬೇಕು. ಒಂದು ಮಳೆ ಬಿದ್ದ ಕೂಡಲೆ ಅವಸರ ಮಾಡಿ ಬಿತ್ತಿ, ಮೊಳಕೆ ಒಣಗಿಸಿಕೊಂಡವರು ನಮ್ಮಲ್ಲಿ ಪ್ರತಿ ವರ್ಷ ಇದ್ದಾರೆ. ಕಬ್ಬಿಣದ ಸರಳು ನೆಲಕ್ಕೆ ಒತ್ತಿದರೆ ತೇವ ಇದ್ದಷ್ಟು ಆಳಕ್ಕೆ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಬಂದಲ್ಲಿ ನಿಲ್ಲುತ್ತದೆ. ಎರಡು ಮೂರು ಅಡಿ ತೇವ ಕೂಡಿದ ಹೊಲ ಜೋಳವನ್ನು ದಡ ಮುಟ್ಟಿಸಬಲ್ಲದು. ತೇವ ಕಡಿಮೆ ಇದ್ದರೆ ಕಡಲೆಯೋ ಕುಸುಬಿಯೋ ಎಂದು ವಿಚಾರಿಸಬೇಕು. ಮುಂಗಾರಿನಲ್ಲಿಯೇ ಹೊಲವನ್ನು ಚೌಕು ಮಡಿ ಮಾಡಿ ಬಿದ್ದ ಮಳೆಯನ್ನು ಬಿದ್ದಲ್ಲಿಯೇ ಇಂಗಿಸಿದವನಿಗೆ ಹಿಂಗಾರಿ ಅರೆಬರೆ ಬಂದರೂ ಧೈರ್ಯ ಇರುತ್ತದೆ. ಏತ ನೀರಾವರಿಯಿಂದ ಆಲಮಟ್ಟಿಯ ನೀರು ಕೆಲವು ಊರಿಗೆ ಬಂದಿದೆ. ಬಾರದ ಹೊಲಗಳಿಗೆ ಇಂದಿಗೂ ಇದೇ ನೀರಾವರಿ.

ನಾಲ್ಕನೆಯದು ಸಂಘದ್ದೇ ಕೆಲಸ. ಸಾಲ ಹದಕ್ಕೆ ಸಿಗಬೇಕು. ಉತ್ತರಿ ಹದ ಮೂರು ನಾಲ್ಕು ದಿನ ಇದ್ದೀತು. ಕಾಗದಪತ್ರ ಮುಗಿದು ಸಾಲ ಕೈಗೆ ಬರುವುದು ಸ್ವಾತಿಗಾದರೆ ಸಾವುಕಾರನ ಮನೆಯ ಹಾದಿ ತಪ್ಪದು, 1905ರಲ್ಲಿ ಕಣಗಿನಹಾಳದವರು ಪಟ್ಟ ಕಷ್ಟ ವ್ಯರ್ಥವಾದಂತೆ. ಆದ್ದರಿಂದ ಆಗಸ್ಟ್ ಕೊನೆಯೊಳಗೆ ಸದಸ್ಯರ ಉತಾರ, ಅರ್ಜಿ ಎಲ್ಲ ತಯಾರಿರಬೇಕು. ಬೀಜ, ಗೊಬ್ಬರ ಉಗ್ರಾಣದಲ್ಲಿ ಬಂದು ಬಿದ್ದಿರಬೇಕು. 2016ರಿಂದ ಇರುವ ಫಸಲ್ ಬಿಮಾ ಯೋಜನೆಯಲ್ಲಿ ಹಿಂಗಾರಿ ಆಹಾರ ಬೆಳೆ, ಎಣ್ಣೆಕಾಳಿಗೆ ರೈತನ ಕಂತು ವಿಮಾ ಮೊತ್ತದ ನೂರಕ್ಕೆ ಒಂದೂವರೆ ಮಾತ್ರ. ಮಳೆ ಇಲ್ಲದೆ ವಿಮಾ ಘಟಕದ ಮುಕ್ಕಾಲು ಪಾಲಿಗಿಂತ ಹೆಚ್ಚು ಕ್ಷೇತ್ರ ಬಿತ್ತದೆ ಉಳಿದರೆ ವಿಮಾ ಮೊತ್ತದ ನೂರಕ್ಕೆ 25ರಷ್ಟು ಕೊಡುವ ಅವಕಾಶವೂ ಅದರಲ್ಲಿದೆ. 2020ರಿಂದ ಸಾಲ ತೆಗೆದವರಿಗೂ ಇದು ಕಡ್ಡಾಯವಲ್ಲ, ಖುಷಿಯದು. ಖುಷಿಯದು ಎಂದು ಬಿಟ್ಟವರು ಆಮೇಲೆ ಕೈ ಕೈ ಹಿಸುಕಿಕೊಂಡದ್ದನ್ನು ಕಂಡಿದ್ದೇವೆ. ಕೊನೆಯ ತಾರೀಕನ್ನು ಡಂಗುರ ಸಾರಿಸಿ ತಿಳಿಸುವುದು ಸಂಘದ ಧರ್ಮ.

ಐದನೆಯದು ಬೀಜ. ಈಚೆಗೆ ಕಡಲೆ, ತೊಗರಿ ಹೆಚ್ಚಾಗಿ ಜೋಳದ ಹೊಲ ಕಡಿಮೆಯಾಗುತ್ತಿವೆ. ಪೇಟೆಯ ಧಾರಣೆ ನೋಡಿ ಬಿತ್ತುವುದು ತಪ್ಪಲ್ಲ. ಆದರೆ ಜೋಳ ಹೋದರೆ ಮನುಷ್ಯನ ರೊಟ್ಟಿಯ ಜೊತೆ ದನದ ಕಣಿಕೆಯೂ ಹೋಗುತ್ತದೆ. 1876ರಲ್ಲಿ ಮೊದಲು ಸತ್ತದ್ದು ದನ ಎಂಬುದನ್ನು ಮರೆಯಬಾರದು. ಮನೆಗೆ ಬೇಕಾದಷ್ಟಾದರೂ ಮಾಲದಂಡಿ ಬಿತ್ತಿ, ಒಂದು ಬಣವೆ ಕಣಿಕೆಯನ್ನು ಮುಂದಿನ ವರ್ಷಕ್ಕೆಂದು ಉಳಿಸುವ ಹಳೆಯ ರೂಢಿ ಬಿಡಬಾರದು.

ಎಳ್ಳಮಾಸಿಯ ದಿನ ನಾವೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಹಿಂಗಾರಿ ಚೆನ್ನಾಗಿ ಆದ ವರ್ಷ ಆ ಚರಗದ ಸೊಗಸೇ ಬೇರೆ. ಹಿಂಗಾರಿ ತಪ್ಪಿದ ವರ್ಷವೂ ಚರಗ ಚೆಲ್ಲುವುದನ್ನು ನಮ್ಮ ತಾಯಂದಿರು ಬಿಟ್ಟಿಲ್ಲ. ಬರುವ ವರ್ಷದ ಮೇಲೆ ಅಷ್ಟು ಭರವಸೆ ಇಡುವ ಜನಕ್ಕೆ ಆಸರೆಯಾಗಿ ಸಂಘ 25 ವರ್ಷ ನಡೆದು ಬಂದಿದೆ. ಷೇರು ಕೊಟ್ಟ ಹಿರಿಯರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ, ಅವರ ಮಕ್ಕಳು ಸದಸ್ಯರಾಗಿದ್ದಾರೆ. ಮಳೆ ನಮ್ಮ ಕೈಯಾಗಿಲ್ಲ. ಮಳೆಯ ಲೆಕ್ಕ ಇಡುವುದು, ಬಿದ್ದ ನೀರು ಹಿಡಿಯುವುದು, ಹದಕ್ಕೆ ಸರಿಯಾಗಿ ಒಬ್ಬರಿಗೊಬ್ಬರು ಆಗುವುದು ನಮ್ಮ ಕೈಯಾಗ ಐತಿ. ಅಷ್ಟನ್ನು ಮಾಡಿದರೆ ಸಂಘದ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ನಮ್ಮ ಮಕ್ಕಳು ಊರಿನ 25 ವರ್ಷದ ಮಳೆ ವಹಿಯನ್ನು ಮುಂದಿಟ್ಟುಕೊಂಡು ಇದಕ್ಕಿಂತ ಒಳ್ಳೆಯ ಚರಿತ್ರೆ ಬರೆಯುತ್ತಾರೆ.